ಶನಿವಾರದ ಟ್ಯಾಂಗೋಗಳು

ಅಪ್ಪಾ,

ನೀನು ಹೋದ ಮೇಲೆ ನಿನ್ನ ಹಳೆಯ ಕಂಪ್ಯೂಟರನ್ನು ತುರ್ಕು ನಗರದ ನನ್ನ ಮನೆಗೆ ತಂದಿಟ್ಟುಕೊಂಡಿದ್ದೆ. ಅದರಲ್ಲಿದ್ದ ಟ್ಯಾಂಗೋ ಕುಣಿತದ ಹಾಡುಗಳನ್ನೆಲ್ಲ ಸೇರಿಸಿ ಈಗ ಒಂದು ವೆಬ್ ಪುಟ ಮಾಡಿದ್ದೇನೆ. ಗಾಯಕರ ಹೆಸರಿನ ಪ್ರಕಾರ ಅಲ್ಲದೆ, 'ಹಿಮ ಕರಗುವಾಗ', 'ಬೇಗ ಮುಗಿದುಹೋಗುವಂಥವು' ಎಂದೆಲ್ಲ ನೀನು ವಿಂಗಡಿಸಿದ್ದೆಯಲ್ಲ, ಅದನ್ನು ಹಾಗೆಯೇ ಇಟ್ಟೆ. ಹಾಡಿನ ಹೆಸರು ಒತ್ತಿದರೆ ಸಾಕು, ಯಾರು ಬೇಕಾದರೂ ಕೇಳಬಹುದು.

ಪ್ರತಿ ಶನಿವಾರ ನೀನು ಹೋಗುತ್ತಿದ್ದ, ಸರೋವರದ ದಂಡೆಯ ನೃತ್ಯಮಂಟಪದ ಗೆಳೆಯರಿಗೆಲ್ಲ ಲಿಂಕ್ ಕಳಿಸಿದೆ. ಇವತ್ತು ಬೆಳಿಗ್ಗೆ, ಅಲ್ಲಿ ಕಾಫಿ ಮಾರುವ ಇರ್ಮೆಲಿ ಫೋನ್ ಮಾಡಿದರು.

"ಕೇಳ್ತಾ ಕೂತು ಒಲೆ ಮೇಲಿದ್ದ ಆಲೂಗಡ್ಡೆ ಸೀದೇ ಹೋಯ್ತು ಕಣೇ," ಎಂದು ನಕ್ಕರು. "ಈ ಶನಿವಾರ ನೀನೂ ಬಾ, ಎಲ್ಲಾ ಸೇರ್ತೀವಿ."

"ನಂಗೆ ಕುಣಿಯೋಕೆ ಬರಲ್ಲ."

"ನಿಮ್ಮಪ್ಪಂಗೇನು ಬರ್ತಿತ್ತಾ? ಯಾರು ಎಳೆದ್ರೂ ಏಳ್ತಿರ್ಲಿಲ್ಲ ಮಾರಾಯ್ತಿ! ಪಕ್ಕದಲ್ಲಿ ಫೋನ್ ಇಟ್ಕೊಂಡು, ಬಾಗಿಲು ಹಾಕೋವರೆಗೂ ಬೆಂಚ್ ಮೇಲೇ ಕೂತಿರೋರು. ಮಗಳು ಫೋನ್ ಮಾಡಿದ್ರೆ ಒಂದು ಹಾಡು ಕೇಳಿಸ್ಬೇಕು ಅನ್ನೋರು."

ನನಗೆ ಬಿಡುವಿರುತ್ತಿದ್ದದ್ದು ಶನಿವಾರ ಸಂಜೆ ಮಾತ್ರ. ಆ ಹೊತ್ತಿಗೆ ನೀನು ಕುಣಿತದಲ್ಲಿ ಮೈಮರೆತಿರುತ್ತೀ, ಫೋನ್ ಮಾಡಿ ತೊಂದರೆ ಕೊಡುವುದು ಬೇಡ ಎಂದುಕೊಳ್ಳುತ್ತಿದ್ದೆ. ಇದನ್ನು ಇರ್ಮೆಲಿಗೆ ಹೇಳಲಿಲ್ಲ.

"ಯಾವ ಹಾಡು ಅಂತ ಗೊತ್ತಾ?" ಎಂದಷ್ಟೇ ಕೇಳಿದೆ.

"ಅಯ್ಯೋ, ಅದೊಂದು ಅವ್ರನ್ನ ಕೇಳಲೇ ಇಲ್ಲ ನೋಡು," ಎಂದರು.

ಮೊದಲನೆಯದರಿಂದ ಒಂದೊಂದಾಗಿ ಕೇಳುತ್ತಿದ್ದೇನೆ, ಅಪ್ಪಾ. ಪ್ರತಿಯೊಂದೂ ಅದೇ ಇರಬಹುದು ಅನ್ನಿಸುತ್ತಿದೆ.

ಮೆರ್ವಿ