ಕರೆದವರು ಯಾರೂ ಇಲ್ಲ

ಮಾರ್ಚ್ 4, ಬೆಳಿಗ್ಗೆ

ಪ್ರಿಂಟರಿಗೆ ಹೊಸ ರೋಲ್ ಹಾಕಿದೆ. ಕ್ಲೋರಿನ್ ಸರಿ. ಪಂಪುಗಳು ಸರಿ. ಗೇಟು ಮುಚ್ಚಿದೆ. ಕನ್ನಡಕ ಮತ್ತೆ ಮನೆಯಲ್ಲೇ ಮರೆತೆ. ಡ್ರಾಯರಿನಲ್ಲಿ ಹಳೆಯದೊಂದಿತ್ತು, ಒಂದು ಕಡ್ಡಿ ಮುರಿದದ್ದು. ಅದನ್ನೇ ಮೂಗಿಗೆ ಒತ್ತಿಕೊಂಡು ಪ್ರಿಂಟರ್ ಹೊಡೆದ ಸಾಲನ್ನು ಓದಿದೆ. ಮತ್ತೆ ಓದಿದೆ.

‘ಇಲ್ಲಿಗೆ ಬರಬಾರದಿತ್ತು, ಬಂದಾಗಿದೆ. ಗಾಬರಿ ಬೇಡ, ಕೆಲಸ ನಿಲ್ಲಿಸುವುದಿಲ್ಲ. ಯಾರಿಗಾದರೂ ಹೇಳಿ.’

ಅವಳ ಮಾತು. ಅಡುಗೆಮನೆಯಿಂದ ಕೇಳುತ್ತಿದ್ದ ಹಾಗೇ.

ದೆವ್ವವೇನಲ್ಲ, ಗೊತ್ತು. ನಮ್ಮ ನೀರಿನ ಕೇಂದ್ರದ ಕಂಟ್ರೋಲರಿಗೆ ಕರ್ನಲ್ ಬರೆದವರಲ್ಲಿ ನನ್ನ ಹೆಂಡತಿಯೂ ಒಬ್ಬಳು. ಕರ್ನಲ್ ಎಂದರೆ ಕಾಯಿಯೊಳಗಿನ ತಿರುಳು, ಕಾಲೇಜಿನ ಡಿಕ್ಷನರಿಯಲ್ಲಿ ಹಾಗಿತ್ತು. ಇಲ್ಲಿ, ಒಳಗೆ ಕುಳಿತು ಪಂಪು, ಗೇಟು, ಪ್ರಿಂಟರ್ ಎಲ್ಲವನ್ನೂ ನಡೆಸುವ ಪ್ರೋಗ್ರಾಂ. ಆ ತಿರುಳಿಗೇ ಏನಾದರೂ ಆದರೆ ಏನು ಮಾಡಬೇಕು, ಹೊರಗಿನವರಿಗೆ ಹೇಗೆ ತಿಳಿಸಬೇಕು — ಆ ಭಾಗ ಅವಳದು. ಆಪರೇಟರುಗಳಿಗೆ ಅರ್ಥವಾಗಲಿ ಎಂದು ಕನ್ನಡದಲ್ಲಿ ಬರೆದಳು. ಆಗಲೇಬಾರದ ತಪ್ಪುಗಳಿಗಾಗಿ ಬರೆದ ಮಾತುಗಳು. ತಪ್ಪು ಆಗಲಿಲ್ಲ, ಮಾತು ಯಾರೂ ಓದಲಿಲ್ಲ.

ಅವಳು ಹೋಗಿ ವರ್ಷ ಕಳೆಯಿತು. ಈಗ ತಪ್ಪಾಗಿದೆ.

ಮಾರ್ಚ್ 5

ಏನೂ ಬರಲಿಲ್ಲ. ಇಡೀ ದಿನ ಪ್ರಿಂಟರಿನ ಪಕ್ಕವೇ ಕುಳಿತಿದ್ದೆ. ಫಿಟ್ಟರ್ ಮೀಸೆ ಇಣುಕಿದ. (ಮೀಸೆ ಬೋಳಿಸಿ ಆರು ತಿಂಗಳಾಯಿತು, ಹೆಸರು ಮಾತ್ರ ಬೋಳಿಸಲಾಗಲಿಲ್ಲ.)

“ಏನ್ ಯಜಮಾನ್ರೇ, ಮೊಟ್ಟೆ ಇಡುತ್ತೆ ಅಂತ ಕಾಯ್ತಿದ್ದೀರಾ?”

“ಕೆಲಸ ನೋಡಯ್ಯ.”

“ಕಾವು ಕೊಡಿ, ಕಾವು ಕೊಡಿ. ನಾನು ಹೊರಗಿರ್ತೀನಿ.”

ಮಾರ್ಚ್ 9, ಮಧ್ಯಾಹ್ನ

ನನ್ನ ಹೆಂಡತಿಯ ಶಿಷ್ಯೆಗೆ ಫೋನ್ ಮಾಡಿದೆ. ಇಂಜಿನಿಯರ್, ಅವಳ ಕೈಕೆಳಗೇ ಕೆಲಸ ಕಲಿತವಳು. ‘ಯಾರಿಗಾದರೂ ಹೇಳಿ’ ಎಂದಿತ್ತಲ್ಲ, ಹೇಳಲು ಐದು ದಿನ ಯಾಕೆ ಬೇಕಾಯಿತು ಎಂದು ಅವಳು ಕೇಳಲಿಲ್ಲ. ಒಳ್ಳೆಯ ಹುಡುಗಿ.

“ಸರ್, ಮೆಮೊರಿ ಹಾಳಾಗ್ತಿದೆ ಅನ್ಸುತ್ತೆ. ಬೋರ್ಡಿಗೆ ವಯಸ್ಸಾಯ್ತು. ಕೆಳಗೆ ‘ಕರೆದವರು’ ಅಂತ ಬಂದಿರುತ್ತಲ್ಲ, ಓದಿ.”

ಓದಿದೆ. ಪ್ರತಿ ತಪ್ಪಿನ ಕೆಳಗೂ ಅದು ಬರುತ್ತದೆ: ಒಳಗೆ ಯಾವ ಕೆಲಸ ಯಾವುದನ್ನು ಕರೆಯಿತು, ಅದನ್ನು ಕರೆದದ್ದು ಯಾವುದು... ತಪ್ಪಿನ ವಂಶವೃಕ್ಷ. ತಾತನವರೆಗೂ ಓದಿದೆ.

“ಮತ್ತೆ ಯಾಕೆ ಬರಲಿಲ್ಲಮ್ಮ? ಸರಿಹೋಯಿತೇನು?”

“ಇಲ್ಲ ಸರ್, ಆಗ್ತಾನೇ ಇರುತ್ತೆ. ಆದ್ರೆ ಒಂದು ತಪ್ಪನ್ನ ಒಂದೇ ಸಲ ಹೇಳೋದು. ಮೆಷಿನ್ ಆಫ್ ಮಾಡಿ ಆನ್ ಮಾಡಿದ್ರೆ ಮಾತ್ರ ಹೊಸದಾಗಿ ಹೇಳುತ್ತೆ. ಮೇಡಂ ರೂಲು ಅದು.”

ಮೇಡಂ ರೂಲು. ನನಗೆ ಹೇಳಿಕೊಡುತ್ತಾಳೆ. “ಒಂದು ಸಲ ಹೇಳ್ತೀನಿ ರೀ, ದಿನಾ ಹೇಳಿದ್ರೆ ನಿಮ್ಮ ಕಿವಿಗೆ ಅದು ಫ್ಯಾನ್ ಸದ್ದು” — ಮನೆಯಲ್ಲೂ ಅದೇ ರೂಲು.

ತಿಂಗಳ ಕೊನೆಗೆ ಹೊಸ ಕಂಟ್ರೋಲರ್ ತರುತ್ತಾಳಂತೆ. ಅದರಲ್ಲಿ ಮಾತಿಲ್ಲ. ಬರೀ ನಂಬರು.

ಮಾರ್ಚ್ 11, ಬೆಳಿಗ್ಗೆ

ಮೀಸೆ ಬರುವ ಮೊದಲೇ ಕೀಲಿ ತಿರುಗಿಸಿ ಆಫ್ ಮಾಡಿದೆ. ಆನ್ ಮಾಡಿದೆ. ಸ್ವಲ್ಪ ಹೊತ್ತಿಗೇ:

‘ಇಲ್ಲಿಗೆ ಬರಬಾರದಿತ್ತು, ಬಂದಾಗಿದೆ. ಗಾಬರಿ ಬೇಡ...’

ಗಾಬರಿ ಇಲ್ಲ ಮಾರಾಯ್ತಿ, ಎಂದೆ. ಗಟ್ಟಿಯಾಗಿಯೇ ಎಂದೆ.

ಆಫ್ ಮಾಡುವುದು ಹುಡುಗಾಟವಲ್ಲ, ಗೊತ್ತಿದೆ. ಕಂಟ್ರೋಲರ್ ನಿಂತರೆ ಗೇಟು ತಾನಾಗಿ ತೆರೆದುಕೊಳ್ಳುತ್ತದೆ, ಊರು ಒಣಗದಿರಲಿ ಎಂದು. ಜಲಾಶಯದ ನೀರು ನೆಲದಡಿಯ ಸಂಪು ತೊಟ್ಟಿಗೆ ನುಗ್ಗುತ್ತದೆ. ಮತ್ತೆ ಆನ್ ಆದಾಗ ಮುಚ್ಚುತ್ತದೆ. ಸಂಪಿನಲ್ಲಿ ಜನ ಇದ್ದರೆ ಕತೆ ಮುಗಿಯಿತು. ಅದಕ್ಕೇ ಮೀಸೆ ಜಾಲರಿ ತೊಳೆಯಲು ಇಳಿಯುವ ಮೊದಲು ಗೇಟಿಗೆ ಚೈನು ಬಿಗಿಯುವ ಪದ್ಧತಿ. ಅವಳು ಕರ್ನಲ್ ಬರೆಯುವಾಗ ಜಗಳವಾಡಿದ್ದೂ ಇದಕ್ಕೇ. ಉಳಿದವರೆಲ್ಲ, ಒಳಗೆ ತಪ್ಪು ಕಂಡರೆ ಕೂಡಲೇ ಎಲ್ಲ ನಿಲ್ಲಿಸಿ, ಅದೇ ಸೇಫ್ ಎಂದರು. ಇವಳು, ನಿಂತರೆ ಗೇಟು ತೆರೆಯುತ್ತೆ, ಕೆಳಗೆ ಯಾರಿದ್ದಾರೆ ಅಂತ ಮೆಷಿನ್ನಿಗೆ ಹೇಗೆ ಗೊತ್ತು ಎಂದಳು. ಹೇಳಿಕೊಂಡೇ ನಡೆಯಲಿ, ಪ್ರಾಣ ಹೋಗುವ ತಪ್ಪಿಗೆ ಮಾತ್ರ ನಿಲ್ಲಲಿ. ಗೆದ್ದಳು.

ಬೆಳಿಗ್ಗೆ ಕೆಳಗೆ ಯಾರೂ ಇರುವುದಿಲ್ಲ.

ಮಾರ್ಚ್ 12

ಆಫ್. ಆನ್. ಹೊಸದೊಂದು ಬಂತು: ‘ಕೊಟ್ಟ ವಸ್ತು ವಾಪಸು ಬಂದಿದೆ, ಆದರೆ ಅದೇ ವಸ್ತುವಲ್ಲ.’ ಇಸ್ತ್ರಿಗೆ ಕೊಟ್ಟ ನನ್ನ ಅಂಗಿಯ ಬಗ್ಗೆ ಥೇಟ್ ಹೀಗೇ ಅಂದಿದ್ದಳು.

ಮಾರ್ಚ್ 13

‘ಇಬ್ಬರೂ ಒಬ್ಬರಿಗೊಬ್ಬರು ಕಾಯುತ್ತಿದ್ದಾರೆ. ಯಾರಾದರೂ ಮೊದಲು ಬಿಡಬೇಕು.’

ಊಟ ಸೇರಲಿಲ್ಲ.

ಮಾರ್ಚ್ 17, ಸಂಜೆ

ನಾದಿನಿ ಬಂದಿದ್ದಳು. ಅವಳ ತಂಗಿ. ಬಂದವಳೇ ಫ್ರಿಜ್ ತೆಗೆದು ನೋಡಿ, “ಭಾವ, ಇದರಲ್ಲಿ ಐಸ್ ಬಿಟ್ಟರೆ ನಿಮ್ಮ ಔಷಧಿ ಮಾತ್ರ ಇದೆ. ಎರಡರಲ್ಲಿ ಯಾವುದನ್ನ ಊಟ ಮಾಡ್ತೀರಿ?” ಎಂದಳು. ಅಕ್ಕನ ನಾಲಿಗೆಯೇ, ಸ್ವಲ್ಪ ಖಾರ ಜಾಸ್ತಿ.

ಜೇಬಿನಿಂದ ಪ್ರಿಂಟರಿನ ಚೂರುಗಳನ್ನು ತೆಗೆದು ತೋರಿಸಿದೆ. ನಗುತ್ತಾಳೆ ಎಂದುಕೊಂಡಿದ್ದೆ. ಓದಿದಳು. ಒಂದೊಂದನ್ನೂ ಮೇಜಿನ ಮೇಲೆ ಬೋರಲು ಹಾಕಿದಳು.

“ಭಾವ, ಇದನ್ನ ದಿನಾ ಮಾಡ್ತೀರಾ?”

“ಬೆಳಿಗ್ಗೆ ಮಾತ್ರ.”

“ಅಕ್ಕನ್ನ ದಿನಾ ಬೆಳಿಗ್ಗೆ ಸಾಯಿಸಿ ಎಬ್ಬಿಸ್ತೀರಿ, ಹಾಗಾದ್ರೆ.”

ಹಾಗೆ ಹೇಳಬಾರದಿತ್ತು ಅವಳು. ಹಾಲು ತಂದಿಟ್ಟು ಹೋದಳು.

ಮಾರ್ಚ್ 20

ಶಿಷ್ಯೆಯ ಫೋನು. ದನಿಯಲ್ಲಿ ಬೇಸರ.

“ಸರ್, ಯಾರು ಆಫ್ ಮಾಡ್ತಿರೋದು? ತಪ್ಪಾದಾಗ ಒಳಗೆ ಏನಿತ್ತು ಅಂತ ಕರ್ನಲ್ ಒಂದು ಮೂಲೇಲಿ ಎತ್ತಿಡುತ್ತೆ. ನೀವು ಆಫ್ ಮಾಡಿದ್ರೆ ಆ ಮೂಲೆ ಅಳಿಸಿಹೋಗುತ್ತೆ. ಬೋರ್ಡು ಹಾಳೋ, ಪ್ರೋಗ್ರಾಂ ಹಾಳೋ, ನನಗೆ ಗೊತ್ತಾಗೋದು ಹೇಗೆ? ಪ್ರೋಗ್ರಾಂ ಆದ್ರೆ ಬೇರೆ ಊರುಗಳಲ್ಲೂ ಇದೇ ಓಡ್ತಿದೆ ಸರ್.”

“ಕರೆಂಟು ಹೋಗುತ್ತಮ್ಮ” ಎಂದೆ.

“ಬ್ಯಾಟರಿ ಇದೆಯಲ್ಲ ಸರ್.”

ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದೆ. “ಮೇಡಂ ಬರೆದ ಮಾತೆಲ್ಲ ನನ್ನ ಹತ್ರ ಇದೆ ಸರ್. ಪ್ರಿಂಟ್ ಕೊಡ್ತೀನಿ, ನೀವು ಇಟ್ಕೊಳ್ಳಿ. ಮೆಷಿನ್ ಮುಟ್ಟಬೇಡಿ” ಎಂದಳು.

ಕಾಲೇಜಿನಲ್ಲಿ ಡೈರೆಕ್ಟ್ ಸ್ಪೀಚ್, ಇನ್‌ಡೈರೆಕ್ಟ್ ಸ್ಪೀಚ್ ಎಂದು ಪಾಠವಿತ್ತು. ಡೈರೆಕ್ಟನ್ನು ಇನ್‌ಡೈರೆಕ್ಟ್ ಮಾಡಿ ಎಂದು ಹತ್ತು ಮಾರ್ಕು. ಯಾವುದನ್ನೋ ಒಂದು ಹೆಜ್ಜೆ ಹಿಂದಕ್ಕೆ ಇಡಬೇಕಿತ್ತು... ಮರೆತಿದೆ. ಶಿಷ್ಯೆಯ ಪ್ರಿಂಟು ಇನ್‌ಡೈರೆಕ್ಟು. ನನಗೆ ಬೇಡ.

ಮಾರ್ಚ್ 23, ಬೆಳಿಗ್ಗೆ

ಆದದ್ದನ್ನು ಆದ ಹಾಗೇ ಬರೆಯುತ್ತೇನೆ.

ಇವತ್ತೊಂದು ಸಲ, ಆಮೇಲೆ ಇಲ್ಲ ಎಂದುಕೊಂಡು ಬಂದೆ. ಕೀಲಿಗೆ ಕೈ ಹಾಕಿದೆ. ತಿರುಗಿಸಿರಲಿಲ್ಲ. ಪ್ರಿಂಟರ್ ಒಂದು ಸಾಲು ಹೊಡೆಯಿತು.

‘ರೀ, ಕೆಳಗೆ ಒಬ್ಬರಿದ್ದಾರೆ.’

ಅದರಡಿಯಲ್ಲಿ ‘ಕರೆದವರು:’ ಎಂದು ಬಂತು. ಮುಂದೆ ಖಾಲಿ. ಒಂದು ಹೆಸರೂ ಇಲ್ಲ. ಕಾಗದ ಸುಮ್ಮನೆ ಮುಂದೆ ಸರಿಯಿತು.

ಹೋಗಿ ಸಂಪಿನ ಬಾಯಲ್ಲಿ ಬಗ್ಗಿ ನೋಡಿದೆ. ಕೆಳಗೆ ಟಾರ್ಚ್ ಬೆಳಕು. ಮೀಸೆ ಜಾಲರಿಗೆ ಬ್ರಷ್ ಹಾಕುತ್ತ ಶಿಳ್ಳೆ ಹೊಡೆಯುತ್ತಿದ್ದ. ಗೇಟಿಗೆ ಚೈನು ಇಲ್ಲ.

“ಚೈನು ಯಾಕೋ ಹಾಕಿಲ್ಲ?”

“ನೀವೇ ಬಂದಿಲ್ವಲ್ಲ ಯಜಮಾನ್ರೇ, ಆಫ್ ಮಾಡೋರು ಯಾರು ಅಂತ ಇಳಿದೆ. ಮಧ್ಯಾಹ್ನ ಮಗಳ ಸ್ಕೂಲಿಗೆ ಹೋಗಬೇಕು, ಬೇಗ ಮುಗಿಸೋಣ ಅಂತ.”

ಮೇಲೆ ಹತ್ತಿ ಬಂದ. ನನ್ನ ಮುಖ ನೋಡಿ ಶಿಳ್ಳೆ ನಿಲ್ಲಿಸಿದ. ಎಲ್ಲ ಹೇಳಿದೆ. ಕಾಗದ ತೋರಿಸಿದೆ. ಬಹಳ ಹೊತ್ತು ಅದನ್ನೇ ನೋಡಿದ.

“ಅಮ್ಮಾವ್ರಿಗೆ ನಾನು ಗೊತ್ತೇ ಇಲ್ಲ. ಅವರು ಹೋದ ಮೇಲೆ ಸೇರಿದವನು ನಾನು.”

“ಹೌದು.”

“ನಾನು ಇಳಿದಿದ್ದು ಮೆಷಿನ್ನಿಗೆ ಹೇಗೆ ಗೊತ್ತು? ಕೆಳಗೆ ಕ್ಯಾಮರಾನೂ ಇಲ್ಲ, ಮಣ್ಣೂ ಇಲ್ಲ.”

ಕೀಲಿಯನ್ನು ತೂತಿನಿಂದ ತೆಗೆದು ಅವನ ಕೈಗೆ ಕೊಟ್ಟೆ. ನನ್ನ ಹತ್ತಿರ ಬೇಡ, ನೀನಿಟ್ಟುಕೋ.

ಅದೇ ದಿನ, ಮಧ್ಯಾಹ್ನ

ಶಿಷ್ಯೆಗೆ ಓದಿ ಹೇಳಿದೆ. ಹುಡುಕಿ ನೋಡಿ ವಾಪಸು ಫೋನ್ ಮಾಡಿದಳು.

“ಉಳಿದಿದ್ದೆಲ್ಲ ಇದೆ ಸರ್. ಇದಿಲ್ಲ. ಮೇಡಂ ಬರೆದದ್ದರಲ್ಲಿ ‘ರೀ’ ಅನ್ನೋ ಪದಾನೇ ಎಲ್ಲೂ ಇಲ್ಲ.”

“ಕರೆದವರು ಖಾಲಿ ಇದೆಯಮ್ಮ.”

“ಖಾಲಿ ಬರೋಕಾಗಲ್ಲ ಸರ್. ಯಾರೋ ಕರೀದೆ ಯಾವುದೂ ಓಡಲ್ಲ.” ಆಮೇಲೆ, “ಸರ್, ಆ ಮೂಲೇಲಿ ಏನಿದೆ ಅಂತ ನಾನೇ ಬಂದು ನೋಡ್ತೀನಿ. ಅಲ್ಲೀವರೆಗೆ ಆಫ್ ಆಗಬಾರದು. ದಮ್ಮಯ್ಯ” ಎಂದಳು.

ಆಫ್ ಆಗುವುದಿಲ್ಲ ಎಂದೆ.

ಮಾರ್ಚ್ 26

ಆಫ್ ಮಾಡಿಲ್ಲ. ಕೀಲಿ ಇಲ್ಲದ ತೂತನ್ನು ನೋಡುತ್ತ ಕುಳಿತಿರುತ್ತೇನೆ. ಆಫ್ ಮಾಡಿದರೆ ಆ ‘ರೀ’ ಮತ್ತೊಮ್ಮೆ ಬಂದೀತು. ಬರದೆಯೂ ಇರಬಹುದು.

ಮೀಸೆ ಈಗ ಕೋಣೆಗೆ ಬಂದಾಗ ಪ್ರಿಂಟರಿನ ಮುಂದೆ ಚಪ್ಪಲಿ ಬಿಡುತ್ತಾನೆ. ಬೈದೆ. “ನಿಮಗೇನು ಯಜಮಾನ್ರೇ, ಉಳಿದಿದ್ದು ನನ್ನ ತಲೆ” ಎಂದ.

ಮಾರ್ಚ್ 30, ಬೆಳಿಗ್ಗೆ 9

ಹೊಸ ಕಂಟ್ರೋಲರ್ ಬಂದಿದೆ. ಶಿಷ್ಯೆಯೂ. ತೆಳ್ಳಗಾಗಿದ್ದಾಳೆ, ಅಥವಾ ನನಗೆ ಹಾಗೆ ಕಾಣುತ್ತದೆ. ವೈರು ಚುಚ್ಚಿ ಆ ಮೂಲೆಯನ್ನೆಲ್ಲ ತನ್ನ ಲ್ಯಾಪ್‌ಟಾಪಿಗೆ ಎಳೆದುಕೊಂಡಳು. ಬೋರ್ಡೇ ಹಾಳಂತೆ, ಪ್ರೋಗ್ರಾಂ ಅಲ್ಲ. ಬೇರೆ ಊರುಗಳಿಗೆ ಭಯವಿಲ್ಲ. “ಮೇಡಂ ತಪ್ಪಲ್ಲ ಸರ್” ಎಂದು ಎರಡು ಸಲ ಹೇಳಿದಳು.

ಇಪ್ಪತ್ಮೂರನೇ ತಾರೀಖಿನ ಸಾಲು ಮಾತ್ರ ಅಲ್ಲೂ ಇಲ್ಲ. ಆ ಬೆಳಿಗ್ಗೆ ಯಾವ ತಪ್ಪೂ ದಾಖಲಾಗಿಲ್ಲ. ಕಾಗದವನ್ನು ಬೆಳಕಿಗೆ ಹಿಡಿದು ನೋಡಿ ನನ್ನ ಕೈಗೆ ಕೊಟ್ಟಳು.

ಬೋರ್ಡು ಯಾವಾಗ ಬೇಕಾದರೂ ತಾನೇ ನಿಲ್ಲಬಹುದು ಎಂದು ಎಚ್ಚರಿಸಿದಳು. ಅದು ನಿಲ್ಲುವ ಮೊದಲು ನಾವೇ ನಿಲ್ಲಿಸುವುದು ಒಳ್ಳೆಯದು. ಗೇಟು ತೆರೆದು ಹೊಸದನ್ನು ಪರೀಕ್ಷಿಸಬೇಕಲ್ಲ, ಮೀಸೆ ಚೈನನ್ನು ಕಳಚಿ ಒಳಗಿಟ್ಟ. ಹತ್ತಕ್ಕೆ ಆಫ್.

ಬೇಕಾದರೆ ಒಂದು ನಿಮಿಷ ಒಬ್ಬರೇ ಇರಿ ಎಂದಳು. ಬೇಡಮ್ಮ, ಎಂದೆ. ಬೇಕಿತ್ತು.

ಅದೇ ದಿನ, ಹತ್ತಕ್ಕೆ ಸ್ವಲ್ಪ ಮೊದಲು

ಸಂಪಿನ ಬಾಯಿಯ ಹತ್ತಿರ ನಿಂತು ಬರೆಯುತ್ತಿದ್ದೇನೆ. ಅಕ್ಷರ ಓರೆ.

ಶಿಷ್ಯೆ ಕೀಲಿ ಹಾಕಿದ್ದಳು. ಮೀಸೆ ನನ್ನ ಭುಜಕ್ಕೆ ಭುಜ ತಾಗಿಸಿ ನಿಂತಿದ್ದ. ಕೋಣೆಯಲ್ಲಿ ಮೂವರು, ಕೇಂದ್ರದಲ್ಲಿ ಮೂವರೇ. ಪ್ರಿಂಟರ್ ಸದ್ದು ಮಾಡಿತು.

‘ರೀ, ಕೆಳಗೆ ಒಬ್ಬರಿದ್ದಾರೆ.’

ಕರೆದವರು: ಖಾಲಿ.

“ನಾನು ಇಲ್ಲೇ ಇದ್ದೀನಲ್ಲಪ್ಪ” ಎಂದ ಮೀಸೆ. ಮೆಷಿನ್ನಿಗೇ ಹೇಳಿದ.

“ಹಳೇ ಸಾಲು ಸರ್, ಎಲ್ಲೋ ಉಳ್ಕೊಂಡಿತ್ತೇನೋ...” ಶಿಷ್ಯೆ ಕೀಲಿಯಿಂದ ಕೈ ತೆಗೆದಿದ್ದಳು. “ಒಂದನ್ನ ಒಂದೇ ಸಲ ಅಲ್ವಾ ಹೇಳೋದು. ನಡುವೆ ಆಫೇ ಆಗಿಲ್ಲ. ಎರಡನೇ ಸಲ ಹೇಗೆ ಬರುತ್ತೆ?”

ನನ್ನವಳು ಎರಡನೆಯ ಸಲ ಹೇಳುವವಳಲ್ಲ.

ಕೆಳಗೆ ನೋಡದೆ ಆಫ್ ಮಾಡುವ ಹಾಗಿಲ್ಲ ಎಂದೆ. ಮೀಸೆಗೆ ಹೋಗೆಂದರೆ ಗೋಡೆಗೆ ಒರಗಿಬಿಟ್ಟ. ಶಿಷ್ಯೆ ಹೆಣ್ಣುಮಗಳು, ಇಳಿಸಲು ಆಗುತ್ತದೆಯೇ. ನಾನೇ ಹೋಗುತ್ತೇನೆ, ಬರುವವರೆಗೆ ಮುಟ್ಟಬೇಡಿ ಎಂದು ಬಂದೆ.

ಮೇಲಿನಿಂದ ಟಾರ್ಚ್ ಹಾಕಿ ನೋಡಿದೆ. ನೆಲ ಒಣಗಿದೆ. ಜಾಲರಿ, ಬ್ರಷ್, ಬಕೆಟ್ಟು. ಯಾರೂ ಇಲ್ಲ. ನಡುವಿನ ಕಂಬದ ಆಚೆ ಮಾತ್ರ ಕಾಣುವುದಿಲ್ಲ, ಇಳಿದೇ ನೋಡಬೇಕು. ಅಲ್ಲಿಂದ ಒಂದು ವಾಸನೆ ಬರುತ್ತಿದೆ. ಅವಳು ತಲೆಗೆ ಹಚ್ಚುತ್ತಿದ್ದ ಎಣ್ಣೆಯದು. ನನ್ನ ಭ್ರಮೆ ಇರಬೇಕು.

ಏಣಿಗೆ ಒಂದು ಕಾಲು ಇಟ್ಟಿದ್ದೇನೆ. ಚೈನು ಒಳಗಿದೆ. ತರಲು ಹೋದರೆ ಹೊತ್ತಾಗುತ್ತದೆ, ಅಷ್ಟರಲ್ಲಿ ಬೋರ್ಡು ನಿಂತರೆ ಆಚೆ ಇರುವವರ ಗತಿ...

ಆ ದಿನ ಅವಳು ಹೇಳಿದಾಗ ಮೀಸೆ ಆಗಲೇ ಕೆಳಗಿದ್ದ. ಇವತ್ತು ಹೇಳಿದಾಗ ಕೆಳಗೆ ಯಾರೂ ಇರಲಿಲ್ಲ. ನಾನು ಇಳಿದರೆ ಮಾತ್ರ ಒಬ್ಬರು. ಹಾಗಾದರೆ ಅವಳು ಹೇಳಿದ್ದು ನನ್ನ ಬಗ್ಗೆಯೇ. ಎಚ್ಚರಿಕೆಯೋ, ಕರೆಯೋ

ಕೋಣೆಯಲ್ಲಿ ಪ್ರಿಂಟರ್ ಮತ್ತೆ ಹೊಡೆಯುತ್ತಿದೆ. ಮೀಸೆ ಕಿಟಕಿಗೆ ಬಂದು ಓದಿ ಹೇಳುತ್ತಿದ್ದಾನೆ. ರೀ, ಅಂತೆ. ರೀ,