ಎರಡನೆಯ ಹಗ್ಗ

ಸೋಮವಾರ, ಮಧ್ಯಾಹ್ನ

ಅಮ್ಮಾ, ನನ್ನ ಮುದ್ದು ಅಮ್ಮಾ,

ನೀನು ಏನನ್ನೂ ಅಳಿಸಿಲ್ಲ, ಅಪ್ಪನ ಬಿಟ್‌ಕಾಯಿನ್ ಎಲ್ಲೂ ಹೋಗಿಲ್ಲ! ಇದನ್ನು ಇನ್ನೊಂದು ಸಲ ಓದಿ, ಕೂತುಕೊಂಡು, ಆಮೇಲೆ ಮುಂದಕ್ಕೆ ಹೋಗು. ಫೋನ್ ಮಾಡದೆ ಕಾಗದ ಬರೆಯುತ್ತಿರುವುದಕ್ಕೂ ಕಾರಣವಿದೆ.

ಮದುವೆಯಾದ ಮೇಲೆ ನಾವಿಬ್ಬರೂ ಸೇರಿ ಕೊಂಡ ಮೊದಲ ವಸ್ತು ಮಂಚವೂ ಅಲ್ಲ, ಕಿಟಕಿಯ ಪರದೆಯೂ ಅಲ್ಲ. ಅಪ್ಪನ ಬಳಿ ಇದ್ದಂಥದ್ದೇ ಒಂದು ಪುಟ್ಟ ಹಾರ್ಡ್‌ವೇರ್ ವಾಲೆಟ್, ಬಿಟ್‌ಕಾಯಿನ್ ಕಾಯುವ ಯಂತ್ರ. ನಗಬೇಡ. ಇವರು ಅದನ್ನು ಹಸುಗೂಸಿನ ಹಾಗೆ ಎತ್ತಿಕೊಂಡರು. ಡಬ್ಬಿಯ ಸೀಲು ಯಾರಾದರೂ ಒಡೆದಿದ್ದಾರೆಯೇ ಎಂದು ಬೆಳಕಿಗೆ ಹಿಡಿದು ನೋಡಿದರು. ಪಿನ್ ಹಾಕುವಾಗ ನನಗೇ ಬೆನ್ನು ತಿರುಗಿಸಿದರು. "ಕಟ್ಕೊಂಡ ಹೆಂಡತಿಗೂ ತೋರಿಸಲ್ವಾ?" ಎಂದೆ. "ನಿನ್ನ ಮೇಲೆ ನಂಬಿಕೆ ಇದೆ ಮಾರಾಯ್ತಿ, ನಿನ್ನ ಬಾಯಿ ಮೇಲಿಲ್ಲ" ಎಂದರು.

ಅವರ ಮಾತೇ ನಿಜವಾಯಿತು. ಯಂತ್ರದ ಸ್ಕ್ರೀನಿನಲ್ಲಿ ಒಂದೊಂದಾಗಿ ಇಂಗ್ಲಿಷ್ ಪದಗಳು ಬಂದವು. ಅವನ್ನು ಕೈಯಲ್ಲಿ ಬರೆದು ಭದ್ರವಾಗಿಡಬೇಕು, ಅಷ್ಟೆ. ಫೋಟೊ ತೆಗೆಯಬಾರದು, ಕಂಪ್ಯೂಟರಿಗೆ ಹಾಕಬಾರದು, ಬಾಯಿ ಬಿಡಬಾರದು. ನಾನೋ ಕಾನ್ವೆಂಟ್ ಹುಡುಗಿ, ಮೇಷ್ಟ್ರ ಮುಂದೆ ನಿಂತವಳ ಹಾಗೆ ಗಟ್ಟಿಯಾಗಿ ಓದತೊಡಗಿದೆ: ಅಂಕಲ್, ಆರೆಂಜ್, ಲ್ಯಾಡರ್... (ಇವನ್ನು ಬರೆಯಬಹುದು. ಇವರು ಹಣೆ ಚಚ್ಚಿಕೊಂಡು ಎಲ್ಲ ಅಳಿಸಿ ಹೊಸ ಪದಗಳನ್ನು ತರಿಸಿದರು.)

ಒಂದಕ್ಕೊಂದು ಸಂಬಂಧವಿಲ್ಲದ ಪದಗಳು. ಓದುತ್ತ ಓದುತ್ತ ನನ್ನ ದನಿ ತಾನಾಗಿಯೇ ಒಂದು ರಾಗಕ್ಕೆ ಬಿತ್ತು. ನಿನ್ನ ರಾಗ. ಬಟ್ಟೆ ಮಡಿಸುವಾಗ ನೀನು ಗುನುಗುವ, ಅಪ್ಪ ಕಲಿಸಿದ, ತಲೆಬುಡವಿಲ್ಲದ ಆ ಇಂಗ್ಲಿಷ್ ಹಾಡಿನ ರಾಗ. ಕೊನೆಯ ಪದದ ಹತ್ತಿರ ಬಂದು ನಾನು ನಿಂತುಬಿಟ್ಟೆ. "ಯಾಕೆ, ನಾಲಿಗೆ ಕಚ್ಕೊಂಡ್ಯಾ?" ಎಂದು ಇವರು ಕೇಳಿದರು. ಅಪ್ಪನಿಗಾಗಿ ಕಾಯುತ್ತಿದ್ದೇನೆ ಎಂದು ಹೇಗೆ ಹೇಳಲಿ? ನೀನು ಯಾವತ್ತೂ ಅಲ್ಲಿಗೇ ನಿಲ್ಲಿಸುತ್ತಿದ್ದೆ. ಕೊನೆಯ ಪದವನ್ನು ಅಪ್ಪ ಒಳಕೋಣೆಯಿಂದ ಹಾಡುತ್ತಿದ್ದ.

ಅಮ್ಮಾ, ಅದು ಹಾಡಲ್ಲ, ಅವನ ವಾಲೆಟ್ಟಿನ ಪದಗಳು. ಇಂಗ್ಲಿಷ್ ಬಾರದ ನಿನಗೆ ಅದು ಗಂಡನ ತುಂಟಾಟ. ಇಂಗ್ಲಿಷ್ ಬಲ್ಲ ನಾನು ಕಿವಿಗೆ ಇಯರ್‌ಫೋನ್ ತುರುಕಿಕೊಂಡಿದ್ದೆ. ನನ್ನಲ್ಲಿ ರಾಗ ಉಳಿಯಿತು, ಪದಗಳು ನಿನ್ನಲ್ಲೇ ಉಳಿದವು. ಲಿಫ್ಟ್ ರಿಪೇರಿಯಿಂದ ಬಂದು ಊಟಕ್ಕೆ ಕೂತಾಗೆಲ್ಲ ಅವನು ಹೇಳುತ್ತಿರಲಿಲ್ಲವೇ, "ಒಂದೇ ಹಗ್ಗ ನಂಬಿ ಯಾರನ್ನೂ ಮೇಲಕ್ಕೆ ಕಳಿಸಬಾರ್ದು" ಎಂದು? ಯಂತ್ರ ಒಂದು ಹಗ್ಗ. ಎರಡನೆಯದು ನೀನು. ಅದನ್ನು ನಿನಗೆ ಬಿಡಿಸಿ ಹೇಳುವಷ್ಟು ಹೊತ್ತು ಮಾತ್ರ ಅವನಿಗೆ ಸಿಗಲಿಲ್ಲ.

ಅವನು ಹೋದ ಮೇಲೆ ನೀನು ತಪ್ಪು ಪಿನ್ ಒತ್ತಿ ಒತ್ತಿ ಯಂತ್ರ ಬರಿದಾದದ್ದು ನಿಜ. "ನಿಮ್ಮಪ್ಪನ ಕೊನೇ ಗುರುತನ್ನೂ ನಾನೇ ಒರೆಸಿಬಿಟ್ಟೆ" ಎಂದು ನನ್ನ ಮದುವೆಯ ದಿನವೂ ಕಣ್ಣೀರಿಟ್ಟೆ. ಆದರೆ ನಾಣ್ಯಗಳು ಯಂತ್ರದೊಳಗೆ ಇರುವುದೇ ಇಲ್ಲ, ಅಲ್ಲಿರುವುದು ಬೀಗದಕೈ. ಆ ಪದಗಳನ್ನು ಅದೇ ಕ್ರಮದಲ್ಲಿ ಯಂತ್ರಕ್ಕೆ ಕೊಟ್ಟರೆ ಬೀಗದಕೈ ಮತ್ತೆ ಹುಟ್ಟುತ್ತದೆ.

ಅದಕ್ಕೇ, ನಾನು ಬರುವತನಕ ಯಾರ ಮುಂದೆಯೂ ಹಾಡಬೇಡ. ಪಕ್ಕದ ಮನೆಯವರ ಮುಂದೆ ಬೇಡ, ಫೋನಿನಲ್ಲಂತೂ ಬೇಡವೇ ಬೇಡ. ವಾಲೆಟ್ ಕಂಪನಿಯವರು ಎಂದು ಹೇಳಿಕೊಂಡು ಯಾರಾದರೂ ಕೇಳಿದರೆ ಬಾಯಿಗೆ ಬೀಗ ಹಾಕಿಕೋ. ಯಂತ್ರದ ಗುಂಡಿಗಳನ್ನು ನೀನೇ ಒತ್ತುವೆಯಂತೆ; ನಾನು ಪಕ್ಕದಲ್ಲಿ ಕೂತು ಸ್ಪೆಲಿಂಗ್ ಹೇಳುತ್ತೇನೆ.

ನಿನ್ನ ವಾಚಾಳಿ ಮಗಳು,
ಗಿಲಕಿ

ತಾ.ಕ.: ಇವರಿಗೂ ಹೇಳದ ಒಂದು ಮಾತು. ಹೋದ ವಾರ ಫೋನಿನಲ್ಲಿ ನೀನು, "ಈಗಲೂ ಅಲ್ಲಿಗೇ ನಿಲ್ಲಿಸ್ತೀನಿ ಕಣೇ, ನಿಮ್ಮಪ್ಪ ಈಗಲೂ ಒಳಗಿಂದ ಹೇಳ್ತಾರೆ" ಎಂದಾಗ ನನಗೆ ಭಯವಾಗಿ, ಮಾತು ತಪ್ಪಿಸಲು ಕಿಟಕಿಯ ಪರದೆಯ ಬಣ್ಣದ ಮಾತೆತ್ತಿದೆ. ಆ ಕೊನೆಯ ಪದವನ್ನು ನಿನ್ನ ಬಾಯಲ್ಲಿ ನಾನು ಒಮ್ಮೆಯೂ ಕೇಳಿಲ್ಲ. ನಿನಗೂ ಗೊತ್ತಿಲ್ಲದಿದ್ದರೆ ಗಾಬರಿಯಾಗಬೇಡ. ಒಳಕೋಣೆಯ ಬಾಗಿಲು ಮುಚ್ಚಬೇಡ, ಅಷ್ಟೆ. ಒಟ್ಟಿಗೆ ಕೂತು ಹಾಡೋಣ, ಒಟ್ಟಿಗೇ ನಿಲ್ಲಿಸೋಣ. ಗುರುವಾರ, ಬೆಳಗಿನ ಪ್ಯಾಸೆಂಜರ್ ರೈಲಿಗೆ ಬರುತ್ತೇನೆ.