ಬಾನೆಟ್ಟಿನೊಳಗಿನ ದಾರ

ದಹಿಸರ್
8 ಜುಲೈ 2025

ಪ್ರೀತಿಯ ರಾಜೀವಿ,

ಫೋನಿನಲ್ಲಿ ನೀನು ಊಟ ಆಯಿತಾ ಎಂದು ಕೇಳುತ್ತೀ, ನಾನು ಆಯಿತು ಅನ್ನುತ್ತೇನೆ. ಆಮೇಲೆ ಇಬ್ಬರಿಗೂ ಮಾತಿಲ್ಲ. ಹಾಗಾಗಿ ಈ ಕಾಗದ.

ಗಾಡಿಯ ರೋಗ ಸಿಕ್ಕಿತು.

ಮೇ ತಿಂಗಳಲ್ಲಿ ಹೈವೇ ಮಧ್ಯೆ ಇಂಜಿನ್ ಬಂದ್ ಬಿದ್ದಾಗ ನೀನು ಇಳಿದು, 'ಒಂದೋ ಈ ಗಾಡಿ ಇರಲಿ, ಒಂದೋ ನಾನು ಇರ್ತೇನೆ' ಎಂದಿದ್ದೆ. ಹಿಂದೆ ಟ್ರಕ್ಕುಗಳು ಹಾರ್ನ್ ಹೊಡೆಯುತ್ತಿದ್ದವು. ನಾನು ಬಾನೆಟ್ಟಿನಿಂದ ತಲೆ ಹೊರತೆಗೆಯುವಷ್ಟರಲ್ಲಿ ನಿನ್ನ ರಿಕ್ಷಾ ಪಾರ್ಲೆಯ ನಿನ್ನ ಅಣ್ಣನ ಮನೆಯತ್ತ ಹೋಗಿಯಾಗಿತ್ತು.

ಆಮೇಲೂ ಅದು ಹಾಗೆಯೇ ಇತ್ತು. ಬಿಸಿಯಾಗುವವರೆಗೆ ಸರಿ, ಬಿಸಿಯಾದರೆ ನಿಂತುಬಿಡುವುದು. ಗ್ಯಾರೇಜಿನ ದೂಜ ಪ್ರತಿ ಸಲ ಅದೇ ಸೆನ್ಸರ್ ಬದಲಿಸುತ್ತಿದ್ದ. ಇಂಜಿನ್ ತಿರುಗುತ್ತಿದೆ ಎಂದು ಹೇಳುವುದಷ್ಟೇ ಅದರ ಕೆಲಸವಂತೆ. ಅದು ಸುಮ್ಮನಾದರೆ ಇಂಜಿನ್ನೂ ಸುಮ್ಮನಾಗುತ್ತದೆ. ಹೊಸದು ಹಾಕಿದರೆ ಕೆಲವು ದಿನ ಓಡುವುದು, ಮತ್ತೆ ಅದೇ ಕತೆ.

ಕಳೆದ ಆಯುಧಪೂಜೆಯಂದು ನೀನು ದೇವಸ್ಥಾನದ ದಾರವನ್ನು ಬಾನೆಟ್ಟಿನೊಳಗೆ ಕಟ್ಟಿದ್ದೆ. ಎಲ್ಲರೂ ಸ್ಟೇರಿಂಗಿಗೆ ಕಟ್ಟುತ್ತಾರೆ ಎಂದು ನಾನು ನಕ್ಕಿದ್ದೆ. ಗಾಡಿಯ ಜೀವ ಇರುವುದು ಒಳಗಲ್ಲವೇ ಎಂದು ನೀನು ಕೇಳಿದ್ದೆ. ದೂಜ ಸೆನ್ಸರ್ ಬದಲಿಸುವಾಗಲೆಲ್ಲ ಆ ದಾರ ಬಿಚ್ಚಿ, ಕಣ್ಣಿಗೊತ್ತಿಕೊಂಡು, ಮತ್ತೆ ಅಲ್ಲಿಯೇ, ನೀನು ಕಟ್ಟಿದಷ್ಟೇ ಬಿಗಿಯಾಗಿ ಕಟ್ಟುತ್ತಿದ್ದ. 'ದೇವರದ್ದು ಮಾರಾಯ್ರೆ, ತೆಗೀಲಿಕ್ಕೆ ಆಗ್ತದಾ?' ನಾನು ಪಕ್ಕದಲ್ಲಿ ಟಾರ್ಚ್ ಹಿಡಿದು ನಿಂತಿರುತ್ತಿದ್ದೆ.

ಒಂದು ದಿನ ಇಂಜಿನ್ ಓಡುತ್ತಿರುವಾಗಲೇ ಒಂದೊಂದು ವಯರನ್ನೂ ಮುಟ್ಟಿ ನೋಡಿದೆ. ದಾರಕ್ಕೆ ಕೈ ತಗಲಿದ್ದೇ ಇಂಜಿನ್ ನಿಂತಿತು. ಅದು ಸೆನ್ಸರಿನ ವಯರನ್ನು ಪಕ್ಕದ ಪೈಪಿಗೆ ಬಿಗಿದಿತ್ತು. ಇಂಜಿನ್ ಅದುರಿ ಅದುರಿ ವಯರು ಜಗ್ಗಿ, ಅದರ ತುದಿ ಸಡಿಲವಾಗುತ್ತಿತ್ತು. ಗಂಟು ಬಿಚ್ಚಿ, ತುದಿಯನ್ನು ಒತ್ತಿ ಕೂರಿಸಿದೆ. ಬೋರಿವಲಿಯ ಟ್ರಾಫಿಕ್ಕಿನಲ್ಲಿ ಬೇಕೆಂದೇ ಸುತ್ತಾಡಿಸಿದೆ. ನಿಲ್ಲಲಿಲ್ಲ.

ಇದನ್ನು ನಿನ್ನ ತಪ್ಪು ಎಂದು ಬರೆಯುತ್ತಿಲ್ಲ. ನನಗೆ ಏನೂ ಆಗದಿರಲಿ ಎಂದು ಕಟ್ಟುವಾಗ ಸಡಿಲವಾಗಿ ಹೇಗೆ ಕಟ್ಟುವುದು? ಅಷ್ಟು ಬಿಗಿಯಾದ ಗಂಟನ್ನು ಬಿಚ್ಚುತ್ತಾ, ಇದನ್ನು ಬಹಳ ಹಿಂದೆಯೇ ನೋಡಬೇಕಿತ್ತು ಅನ್ನಿಸಿತು. ಗಾಡಿಯ ಬಗ್ಗೆ ಮಾತ್ರ ಹೇಳುತ್ತಿಲ್ಲ.

ಭಾನುವಾರ ಗಾಡಿ ಕೊಳ್ಳುವವರು ಬರುತ್ತಾರೆ. ನೀನು ಕೊಡಿ ಎಂದರೆ ಕೊಡುತ್ತೇನೆ. ಅದಕ್ಕೆ ಮೊದಲು, ಶನಿವಾರ ಆ ಗಾಡಿಯಲ್ಲೇ ಪಾರ್ಲೆಗೆ ಬರುತ್ತೇನೆ. ಒಮ್ಮೆ ಕುಳಿತು ನೋಡು. ದಾರವನ್ನು ಕತ್ತರಿಸಿಲ್ಲ, ದೇವರ ಮುಂದೆ ಇಟ್ಟಿದ್ದೇನೆ. ಬರುವಾಗ ತರುತ್ತೇನೆ. ಎಲ್ಲಿ ಕಟ್ಟಬೇಕೆಂದು ನೀನೇ ಹೇಳು.

ಶನಿವಾರದ ದಾರಿ ನೋಡುತ್ತಾ,
ಸೀನ

ಮರೆತ ಮಾತು: ಕಳೆದ ಗುರುವಾರ ನಿಮ್ಮ ಬಿಲ್ಡಿಂಗಿನ ಕೆಳಗೆ ನಾನು ಬಾನೆಟ್ ಎತ್ತಿ ನಿಂತಿದ್ದಾಗ ನಿನ್ನ ಅಣ್ಣನ ಮಗಳು ಯಕ್ಷಿತಾ ಬಂದು, 'ಮಾಮಾ, ಗಾಡಿ ಫಿರ್ ಸೇ ಬಂದ್ ಆಯ್ತಾ?' ಎಂದು ಕೇಳಿದಳು. ಹೌದು, ಮತ್ತೆ ನಿಂತಿತು ಎಂದೆ. ನೀನು ಅವಳ ಕೈಯಲ್ಲಿ ಚಹಾ ಕಳಿಸಿದೆ, ನನಗೆ ಬೇಕಾದ ಹಾಗೆ, ಸಕ್ಕರೆ ಇಲ್ಲದ್ದು. ಆ ದಾರ ನಾನು ಬಿಚ್ಚಿದ್ದು ಅದರ ಹಿಂದಿನ ದಿನ, ಬುಧವಾರ. ಗುರುವಾರ ಗಾಡಿ ತಾನಾಗಿ ನಿಂತದ್ದಲ್ಲ, ಕೀಲಿ ತಿರುಗಿಸಿ ನಾನೇ ನಿಲ್ಲಿಸಿದ್ದು.